ಕೀಬೋರ್ಡಿಗೆ ಕಂಠ: ಕೃತಕ ಗಾಯನದ ಆರು ದಶಕ, ಧಾರವಾಡದ ಕಿವಿಗೆ ಕೇಳಿದಂತೆ

ಅಳ್ನಾವರ, ಕಲಘಟಗಿ, ಹಳಿಯಾಳದ ಕಡೆ ಭಜನಾ ಮೇಳವಿರಲಿ, ಮದುವೆಯ ಆರ್ಕೆಸ್ಟ್ರಾ ಇರಲಿ, ಹಾರ್ಮೋನಿಯಂ ಪಕ್ಕದಲ್ಲಿ ಈಗ ಕೀಬೋರ್ಡ್ ಬಂದು ಕೂತಿದೆ. ಬಟನ್ ಬದಲಿಸಿದರೆ ಅದು ಕೊಳಲಾಗುತ್ತದೆ, ಪಿಟೀಲಾಗುತ್ತದೆ, ಶಹನಾಯಿಯಾಗುತ್ತದೆ. ಅದರೊಳಗೆ ಮನುಷ್ಯರ ಕಂಠವೂ ಇದೆ. 1991ರಲ್ಲಿ ವಾದ್ಯ ತಯಾರಕರು ಒಪ್ಪಿಕೊಂಡ ಜನರಲ್ ಮಿಡಿ ಪಟ್ಟಿಯ 128 ನಾದಗಳಲ್ಲಿ 53, 54 ಮತ್ತು 55ನೆಯವು ಕಂಠಕ್ಕೆ ಮೀಸಲು: ‘ಕ್ವಾಯರ್ ಆಹ್ಸ್’, ‘ವಾಯ್ಸ್ ಊಹ್ಸ್’, ‘ಸಿಂಥ್ ವಾಯ್ಸ್’. ಕೊಳಲಿನ ನಾದದಲ್ಲಿ ಇಡೀ ಹಾಡನ್ನೇ ನುಡಿಸುವ ಕಲಾವಿದರು ಈ ಮೂರರಲ್ಲಿ ಹಾಡಿನ ಒಂದು ಸಾಲನ್ನೂ ನುಡಿಸುವುದಿಲ್ಲ. ಹಿನ್ನೆಲೆ ತುಂಬುವುದಕ್ಕೆ ಬಳಸಿ ಬಿಟ್ಟುಬಿಡುತ್ತಾರೆ. ಸವಾಯಿ ಗಂಧರ್ವರ ಕುಂದಗೋಳ, ಬಸವರಾಜ ರಾಜಗುರು ಅವರ ಯಲಿವಾಳ, ಮಲ್ಲಿಕಾರ್ಜುನ ಮನಸೂರ ಅವರ ಮನಸೂರ ಇರುವ ಧಾರವಾಡ ಜಿಲ್ಲೆಯಲ್ಲಿ ಎಲ್ಲ ವಾದ್ಯಗಳಿಗಿಂತ ಕಂಠಕ್ಕೇ ಹೆಚ್ಚು ಮರ್ಯಾದೆ. ಅಂಥ ಕಡೆ ಯಂತ್ರದ ಕಂಠ ಮಾತ್ರ ಹೀಗೆ ಮೂಲೆ ಸೇರಿರುವುದು ಏಕೆ?

ಅರವತ್ತು ವರ್ಷಗಳಲ್ಲಿ ಈ ಪ್ರಶ್ನೆಯ ಸುತ್ತ ನಡೆದ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮನುಷ್ಯಕಂಠದ ಬಣ್ಣ ಯಂತ್ರಕ್ಕೆ ಬಹಳ ಹಿಂದೆಯೇ ಸಿಕ್ಕಿದೆ. ಸಿಗದೆ ಉಳಿದಿರುವುದು ಕಂಠದ ನಡೆ: ಒಂದು ಸ್ವರದಿಂದ ಇನ್ನೊಂದಕ್ಕೆ, ಒಂದು ಅಕ್ಷರದಿಂದ ಮುಂದಿನದಕ್ಕೆ ಅದು ಸಾಗುವ ದಾರಿ. ನಮ್ಮ ಸಂಗೀತದ ಜೀವವೆಲ್ಲ ಆ ದಾರಿಯಲ್ಲೇ ಇರುವುದರಿಂದ ಕೊರತೆ ಬೇರೆಯವರಿಗಿಂತ ನಮಗೆ ಹೆಚ್ಚು ತಟ್ಟುತ್ತದೆ. ಅದನ್ನು ತುಂಬಿಕೊಡುವ ಸಾಮರ್ಥ್ಯವೂ ನಮ್ಮಲ್ಲೇ ಇದೆ ಎಂದು ನನ್ನ ದೃಢ ನಂಬಿಕೆ.

ಕಂಠ ಎಂಬ ವಾದ್ಯ

ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಬರುವ ಗಾಳಿ ಅವನ್ನು ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚಿಸುತ್ತದೆ. ಆಗ ಹುಟ್ಟುವುದು ಒಂದು ಒರಟು ಝೇಂಕಾರ. ಅದರಲ್ಲಿ ಮೂಲ ಶ್ರುತಿಯ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳೆಲ್ಲ ಇರುತ್ತವೆ. ಈ ಝೇಂಕಾರ ಗಂಟಲು, ಬಾಯಿ, ಮೂಗುಗಳ ಮೂಲಕ ಹೊರಗೆ ಬರುವಾಗ ಕೆಲವು ಉಪಸ್ವರಗಳು ಬಲಿಯುತ್ತವೆ, ಕೆಲವು ಕುಗ್ಗುತ್ತವೆ. ಕೊಡಕ್ಕೆ ನೀರು ತುಂಬುತ್ತ ಹೋದಂತೆ ಒಳಗಿನ ಗಾಳಿಯ ಜಾಗ ಕಿರಿದಾಗಿ ಸದ್ದು ಬದಲಾಗುವ ಹಾಗೆ, ನಾಲಿಗೆ ಸರಿದಂತೆ, ತುಟಿ ದುಂಡಾದಂತೆ ಬಾಯೊಳಗಿನ ಅನುರಣನವೂ ಬದಲಾಗುತ್ತದೆ. ಹೀಗೆ ಬಲಿಯುವ ಆವರ್ತನದ ಪಟ್ಟಿಗಳಿಗೆ ಫಾರ್ಮಂಟ್ ಎನ್ನುತ್ತಾರೆ. ಗಂಡಸಿನ ಕಂಠದಲ್ಲಿ ‘ಆ’ಕಾರಕ್ಕೆ ಮೊದಲ ಫಾರ್ಮಂಟ್ ಸುಮಾರು 700 ಹರ್ಟ್ಸ್, ಎರಡನೆಯದು ಸುಮಾರು 1100. ‘ಈ’ಕಾರಕ್ಕೆ ಸುಮಾರು 300 ಮತ್ತು 2200. ಶ್ರುತಿ ಯಾವುದೇ ಇರಲಿ, ಈ ಎರಡು ಅಂಕಿಗಳ ಜೋಡಿಯಿಂದಲೇ ಕಿವಿ ‘ಆ’ವನ್ನೂ ‘ಈ’ಯನ್ನೂ ಬೇರೆ ಮಾಡುತ್ತದೆ.

ಮೂಲ ಝೇಂಕಾರ ಬೇರೆ, ಅದನ್ನು ಸೋಸುವ ಕೊಳವೆ ಬೇರೆ ಎಂಬ ಈ ತಿಳಿವಳಿಕೆಯನ್ನು ಸ್ವೀಡನ್ನಿನ ಗುನ್ನಾರ್ ಫಾಂಟ್ 1960ರ ತಮ್ಮ ಗ್ರಂಥದಲ್ಲಿ ಗಣಿತದ ತಳಹದಿಯ ಮೇಲೆ ನಿಲ್ಲಿಸಿದರು. ಎರಡೂ ಬೇರೆ ಎಂದಮೇಲೆ ಎರಡನ್ನೂ ಬೇರೆಬೇರೆಯಾಗಿ ಕಟ್ಟಬಹುದು. ಕೃತಕ ಕಂಠದ ಇತಿಹಾಸವೆಲ್ಲ ಈ ಒಂದು ಬಿಡುಗಡೆಯಿಂದ ಬೆಳೆದದ್ದು.

ನಿಯಮದಿಂದ ಕಟ್ಟಿದ ಕಂಠ

ಅದಕ್ಕೂ ಮುಂಚೆ ಪ್ರಯತ್ನಗಳು ಇರಲಿಲ್ಲವೆಂದಲ್ಲ. ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ತಿದಿ, ರೀಡು, ಚರ್ಮದ ಕೊಳವೆಗಳಿಂದ ಮಾಡಿದ ಮಾತಾಡುವ ಯಂತ್ರದ ವಿವರವನ್ನು 1791ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದ. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿಯವರ ‘ವೋಡರ್’ ವಿದ್ಯುತ್ತಿನಿಂದ ಮಾತಾಡಿತು. ಕಂಪ್ಯೂಟರ್ ಹಾಡಿದ್ದು 1961ರಲ್ಲಿ. ಬೆಲ್ ಪ್ರಯೋಗಾಲಯದ ಜಾನ್ ಕೆಲಿ ಮತ್ತು ಕ್ಯಾರಲ್ ಲಾಕ್‌ಬಾಮ್ ಬಾಯಿಯ ಕೊಳವೆಯನ್ನು ಬೇರೆಬೇರೆ ಅಗಲದ ಚಿಕ್ಕ ತುಂಡುಗಳ ಸಾಲೆಂದು ಭಾವಿಸಿ, ಅದರೊಳಗೆ ಧ್ವನಿ ಮುಂದೆ ಹೋಗಿ ಹಿಂದೆ ಪುಟಿಯುವುದನ್ನು ಲೆಕ್ಕ ಹಾಕಿಸಿದರು. ಐಬಿಎಂ ಕಂಪ್ಯೂಟರ್ ‘ಡೈಸಿ ಬೆಲ್’ ಎಂಬ ಹಳೆಯ ಇಂಗ್ಲಿಷ್ ಹಾಡನ್ನು ಹಾಡಿತು. ಅದರ ಹಿಮ್ಮೇಳ ಮ್ಯಾಕ್ಸ್ ಮ್ಯಾಥ್ಯೂಸ್ ಅವರದು.

ಸಂಗೀತಗಾರರ ಕೈಗೆ ಈ ವಿದ್ಯೆ ಬಂದಾಗ ಎರಡು ದೊಡ್ಡ ಹೆಜ್ಜೆಗಳು ಬಿದ್ದವು. ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ ಶಾವಿಯೇ ರೊದೇ ಮತ್ತು ಸಂಗಡಿಗರು ‘ಶಾಂ’ ಎಂಬ ತಂತ್ರಾಂಶ ರೂಪಿಸಿದರು. ಶ್ರುತಿಯ ಪ್ರತಿಯೊಂದು ಕಂಪನಕ್ಕೂ ಪ್ರತಿ ಫಾರ್ಮಂಟಿನ ಒಂದು ಚಿಕ್ಕ, ಬೇಗ ಅಡಗುವ ಧ್ವನಿಯ ತುಣುಕನ್ನು ಹುಟ್ಟಿಸುವುದು ಅದರ ವಿಧಾನ. ಮೊಜಾರ್ಟನ ‘ಮ್ಯಾಜಿಕ್ ಫ್ಲೂಟ್’ ಗೀತನಾಟಕದಲ್ಲಿ ರಾತ್ರಿಯ ರಾಣಿ ಹಾಡುವ ಕಠಿಣ ಭಾಗವನ್ನು ಆ ತಂತ್ರಾಂಶದಿಂದ ಹಾಡಿಸಿ ತೋರಿಸಿದಾಗ ಕೇಳಿದವರು ಬೆರಗಾದರು.

ಎರಡನೆಯದು ಜಾನ್ ಚೌನಿಂಗ್ ಅವರ ಕೆಲಸ. ಅದು ನನ್ನ ಮಾತಿಗೆ ಗಟ್ಟಿ ಸಾಕ್ಷಿ. ಚೌನಿಂಗ್ 1967ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಎಫ್‌ಎಂ ಸಂಶ್ಲೇಷಣೆಯನ್ನು ಕಂಡುಹಿಡಿದವರು. ಯಮಾಹಾ ಕಂಪನಿಯ 1983ರ ಪ್ರಸಿದ್ಧ ಡಿಎಕ್ಸ್7 ಕೀಬೋರ್ಡ್ ಅದರ ಮೇಲೆ ನಿಂತಿತ್ತು. ಹಾಡುವ ಕಂಠದ ಬಗ್ಗೆ ಕೆಲಸ ಮಾಡುವಾಗ ಅವರು ಮೊದಲು ಒಂದೇ ಶುದ್ಧ ಸ್ವರ ಕೇಳಿಸಿದರು. ಆಮೇಲೆ ಅದರ ಉಪಸ್ವರಗಳನ್ನು ಫಾರ್ಮಂಟಿನ ಲೆಕ್ಕಕ್ಕೆ ಸರಿಯಾಗಿ ಸೇರಿಸಿದರು. ಅಂಕಿಗಳೆಲ್ಲ ಸರಿ ಇದ್ದರೂ ಕಿವಿಗೆ ಅದು ಘಂಟೆಯಂಥ ಯಾವುದೋ ನಾದ, ಮನುಷ್ಯನಲ್ಲ. ಕೊನೆಗೆ ಎಲ್ಲ ಉಪಸ್ವರಗಳಿಗೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ, ಸಣ್ಣ ಅದಿರಾಟವನ್ನೂ ತುಸು ಏರುಪೇರನ್ನೂ ಕೊಟ್ಟರು. ಆ ಕ್ಷಣಕ್ಕೆ ಉಪಸ್ವರಗಳೆಲ್ಲ ಕೂಡಿಕೊಂಡು ಒಬ್ಬ ಗಾಯಕಿಯಾಗಿ ಎದುರು ನಿಂತವು. 1981ರ ಅವರ ‘ಫೋನೆ’ ಕೃತಿ ಘಂಟೆ ಮತ್ತು ಕಂಠಗಳ ನಡುವಿನ ಈ ಹೊಳಹಿನ ಮೇಲೆ ಕಟ್ಟಿದ್ದು.

ಬಣ್ಣ ಸರಿಯಿದ್ದರೂ ಮನುಷ್ಯ ಬರಲಿಲ್ಲ, ಚಲನೆ ಸೇರಿದೊಡನೆ ಬಂದ. ಕೀಬೋರ್ಡಿನ 53ನೆಯ ನಾದಕ್ಕೆ ನಮ್ಮ ಕಿವಿ ಒಲಿಯದಿರುವುದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆ ನನಗೆ ಸಿಕ್ಕಿಲ್ಲ.

ಬೆಂಗಳೂರಿನ ಪಾಲು

ಈ ಕಥೆಯಲ್ಲಿ ಕರ್ನಾಟಕದ ಪಾಲು ಚಿಕ್ಕದಲ್ಲ. ಬಿಷ್ಣು ಅಟಲ್ ಹುಟ್ಟಿದ್ದು ಕಾನ್ಪುರದಲ್ಲಿ. 1955ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಡಿಪ್ಲೊಮಾ ಪಡೆದು, 1957ರಿಂದ 1960ರವರೆಗೆ ಅಲ್ಲೇ ಧ್ವನಿಶಾಸ್ತ್ರದ ಅಧ್ಯಾಪಕರಾಗಿದ್ದು, 1961ರಲ್ಲಿ ಬೆಲ್ ಪ್ರಯೋಗಾಲಯ ಸೇರಿದರು. ಅಲ್ಲಿ ಅವರು ಬೆಳೆಸಿದ ‘ರೇಖೀಯ ಮುನ್ಸೂಚನೆ’ಯ ವಿಧಾನ ಎಲ್‌ಪಿಸಿ ಎಂದು ಹೆಸರಾಗಿದೆ. ಅದರ ತತ್ವ ಸರಳ. ಮಾತಿನ ಅಲೆಯಲ್ಲಿ ಈ ಕ್ಷಣದ ಬೆಲೆಯನ್ನು ಹಿಂದಿನ ಹತ್ತು ಹನ್ನೆರಡು ಕ್ಷಣಗಳ ಬೆಲೆಗಳಿಂದ ಬಹುಮಟ್ಟಿಗೆ ಊಹಿಸಬಹುದು. ಊಹಿಸಲು ಬೇಕಾದ ಗುಣಾಂಕಗಳು ಬಾಯಿಯ ಕೊಳವೆಯ ಆಕಾರವನ್ನು ಹೇಳುತ್ತವೆ. ಊಹೆಗೆ ಸಿಗದೆ ಉಳಿಯುವುದು ಧ್ವನಿತಂತುಗಳ ಝೇಂಕಾರ. ಅಂದರೆ ಯಾರದೇ ಮಾತನ್ನು ಕೊಟ್ಟರೂ ಝೇಂಕಾರವನ್ನೂ ಕೊಳವೆಯನ್ನೂ ಬಿಡಿಸಿ ಕೊಡುವ ಲೆಕ್ಕ ಇದು.

ಸಂಗೀತಕ್ಕೆ ಇದರಿಂದ ಸಿಕ್ಕ ಸ್ವಾತಂತ್ರ್ಯ ದೊಡ್ಡದು. ಟೇಪಿನ ವೇಗ ಹೆಚ್ಚಿಸಿದರೆ ಶ್ರುತಿಯ ಜೊತೆ ಫಾರ್ಮಂಟುಗಳೂ ಏರಿ ಕಂಠ ಕೀಚಲಾಗುತ್ತದೆ. ಎಲ್‌ಪಿಸಿಯಲ್ಲಿ ಝೇಂಕಾರದ ಶ್ರುತಿಯನ್ನಷ್ಟೇ ಬದಲಿಸಿ, ಕೊಳವೆಯನ್ನು ಹಾಗೇ ಇಟ್ಟು, ಮಾತನ್ನು ಹಾಡಾಗಿಸಬಹುದು. ಅಮೆರಿಕದ ಚಾರ್ಲ್ಸ್ ಡಾಜ್ 1972ರ ‘ಸ್ಪೀಚ್ ಸಾಂಗ್ಸ್’ನಲ್ಲಿ ಕಂಪ್ಯೂಟರ್ ಸಂಶ್ಲೇಷಿಸಿದ ಮಾತನ್ನೇ ಸಂಗೀತ ಮಾಡಿದರು. ಪಾಲ್ ಲ್ಯಾನ್ಸ್‌ಕಿ ಎಪ್ಪತ್ತರ ದಶಕದ ಕೊನೆಗೆ ಥಾಮಸ್ ಕ್ಯಾಂಪಿಯನ್ ಕವಿತೆಯ ಒಂದು ವಾಚನದಿಂದ ಆರು ಕಲ್ಪನೆಗಳನ್ನು ಎಲ್‌ಪಿಸಿಯಿಂದ ರಚಿಸಿದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1978ರಲ್ಲಿ ‘ಸ್ಪೀಕ್ ಆ್ಯಂಡ್ ಸ್ಪೆಲ್’ ಎಂಬ ಮಕ್ಕಳ ಆಟಿಕೆಗೆ ಇದನ್ನು ಒಂದೇ ಚಿಪ್ಪಿನಲ್ಲಿ ಇಳಿಸಿತು. ಮೊಬೈಲಿನಲ್ಲಿ ಮಾತು ಸಾಗಿಸುವ ವಿಧಾನಗಳೂ ಇದೇ ಬೇರಿನವು.

ಮೂಲ ಝೇಂಕಾರದ ಅಧ್ಯಯನದಲ್ಲಿಯೂ ಬೆಂಗಳೂರಿನ ಹೆಸರಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಟಿ. ವಿ. ಅನಂತಪದ್ಮನಾಭ ಅವರು ಗುನ್ನಾರ್ ಫಾಂಟ್ ಜೊತೆ 1982ರಲ್ಲಿ ಪ್ರಕಟಿಸಿದ ಪ್ರಬಂಧ, ಧ್ವನಿತಂತುಗಳ ನಡುವೆ ಗಾಳಿ ನಿಜವಾಗಿ ಹೇಗೆ ಹರಿಯುತ್ತದೆ, ಬಾಯಿಯ ಅನುರಣನ ಅದನ್ನು ಹೇಗೆ ತಿರುಗಿ ಪ್ರಭಾವಿಸುತ್ತದೆ ಎಂಬುದನ್ನು ಲೆಕ್ಕ ಹಾಕಿತು. ಅದೇ ಸಂಸ್ಥೆಯಲ್ಲಿ ಓದಿದ ಬಿ. ಯಜ್ಞನಾರಾಯಣ ಅವರು ಮುಂದೆ ಮದ್ರಾಸ್ ಮತ್ತು ಹೈದರಾಬಾದಿನಲ್ಲಿ, ಧ್ವನಿತಂತು ಮುಚ್ಚಿಕೊಳ್ಳುವ ಕ್ಷಣವನ್ನು ಮಾತಿನ ಅಲೆಯಿಂದಲೇ ಹಿಡಿಯುವ ವಿಧಾನಗಳನ್ನು ಬೆಳೆಸಿದರು. ಮೃದುವಾಗಿ ಹಾಡಿದ ಷಡ್ಜಕ್ಕೂ ಎದೆತುಂಬಿ ಹಾಡಿದ ಷಡ್ಜಕ್ಕೂ ಇರುವ ಅಂತರ ಬರೀ ಗಟ್ಟಿತನದ್ದಲ್ಲ. ಧ್ವನಿತಂತು ಎಷ್ಟು ಚುರುಕಾಗಿ ಮುಚ್ಚಿಕೊಳ್ಳುತ್ತದೆ ಎಂಬುದರದು. ಅಗ್ಗದ ಕೀಬೋರ್ಡ್ ಕೀಲಿಯನ್ನು ಜೋರಾಗಿ ಒತ್ತಿದಾಗ ಧ್ವನಿಯನ್ನು ಗಟ್ಟಿ ಮಾಡುತ್ತದೆಯೇ ಹೊರತು ಈ ಚುರುಕನ್ನು ಬದಲಿಸುವುದಿಲ್ಲ.

ತಂಬೂರಿ ಒಲಿಯಿತು

ಇಲ್ಲಿ ಇನ್ನೊಂದು ಬೆಂಗಳೂರಿನ ಕಥೆಯನ್ನು ಪಕ್ಕಕ್ಕಿಟ್ಟು ನೋಡಬೇಕು. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದರು. ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ದೇಶದ ಸಂಗೀತದ ಮನೆಗಳನ್ನೆಲ್ಲ ಹೊಕ್ಕವು. ಮಿರಜ್ ಕುಶಲಕರ್ಮಿಗಳ ತಂಬೂರಿಗೆ ಸಮ ಎಂದು ಯಾರೂ ಹೇಳಲಿಕ್ಕಿಲ್ಲ, ಆದರೂ ದಿನದ ರಿಯಾಜಿಗೆ ಅದನ್ನು ಒಪ್ಪಿಕೊಂಡೆವು. ಈಗ ಅದು ಮೊಬೈಲ್ ಆ್ಯಪಿನ ರೂಪದಲ್ಲೂ ಬಂದಿದೆ.

ತಂಬೂರಿಯ ನಾದ ಸುಲಭದ್ದಲ್ಲ. ಸಿ. ವಿ. ರಾಮನ್ ಅವರೇ 1921ರಲ್ಲಿ ತಂಬೂರಿ, ವೀಣೆಗಳ ಕುದುರೆಯ ಬಾಗನ್ನೂ ಅದರಿಂದ ಹುಟ್ಟುವ ಉಪಸ್ವರಗಳ ಸಮೃದ್ಧಿಯನ್ನೂ ಕುರಿತು ಬರೆದಿದ್ದರು. ಕುದುರೆಯ ಮೇಲೆ ತಂತಿಯಡಿ ಇಡುವ ಜವಾರಿಯ ಎಳೆ ಸರಿಯಾಗಿ ಕೂತಾಗ ಏಳುವ ಆ ನಾದವೂ ಬಣ್ಣಬಣ್ಣದ್ದೇ. ಆದರೆ ತಂಬೂರಿಯ ಶ್ರುತಿ ಎಲ್ಲಿಗೂ ಹೋಗುವುದಿಲ್ಲ. ನಾದದ ಬಣ್ಣವೊಂದನ್ನು ಹಿಡಿದರೆ ಕೆಲಸ ಮುಗಿಯಿತು. ಕಂಠದ ವಿಷಯದಲ್ಲಿ ಬಣ್ಣ ಹಿಡಿದಮೇಲೆ ಕೆಲಸ ಶುರುವಾಗುತ್ತದೆ.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಸಾರಂಗಿ. ಸಾರಂಗಿ ‘ಆ’ ಎನ್ನಲಾರದು, ‘ಈ’ ಎನ್ನಲಾರದು. ಆದರೂ ಮನುಷ್ಯಕಂಠಕ್ಕೆ ಅತಿ ಹತ್ತಿರದ ವಾದ್ಯವೆಂದು ಹಿಂದುಸ್ತಾನಿ ಗಾಯಕರು ಅದನ್ನೇ ಹೇಳುತ್ತ ಬಂದಿದ್ದಾರೆ. ಉಗುರಿನ ಬುಡ ತಂತಿಯ ಮೇಲೆ ಜಾರುವಾಗ ಮೀಂಡು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಡೆ, ಮುರಿಯುವುದಿಲ್ಲ, ಗಮಕ ಗಾಯಕರ ಗಮಕದ ಹಾಗೇ ತೂಗುತ್ತದೆ. ಸ್ವರಾಕ್ಷರ ನುಡಿಯಬಲ್ಲ ಯಂತ್ರ ಕಂಠವೆನಿಸದೆ, ನುಡಿಯಲಾರದ ಸಾರಂಗಿ ಕಂಠವೆನಿಸುತ್ತದೆ.

ತುಣುಕು ಜೋಡಿಸಿದ ಕಂಠ

ನಿಯಮದಿಂದ ಕಟ್ಟುವುದು ಕಷ್ಟವೆನಿಸಿದಾಗ ತಂತ್ರಜ್ಞರು ಇನ್ನೊಂದು ದಾರಿ ಹಿಡಿದರು. ಮನುಷ್ಯರಿಂದ ನುಡಿಸಿ ಮುದ್ರಿಸಿಕೊಂಡ ತುಣುಕುಗಳನ್ನು ಜೋಡಿಸುವ ದಾರಿ ಅದು. ರೈಲು ನಿಲ್ದಾಣಗಳ ಪ್ರಕಟಣೆ ಎಲ್ಲರೂ ಕೇಳಿದ ಉದಾಹರಣೆ. ಗಾಡಿಯ ಸಂಖ್ಯೆ, ಊರ ಹೆಸರು, ಪ್ಲಾಟ್‌ಫಾರ್ಮ್ ಒಂದೊಂದೂ ಪ್ರತ್ಯೇಕ ತುಣುಕು. ಪ್ರತಿ ಪದ ಸ್ಪಷ್ಟವಾಗಿದ್ದರೂ ವಾಕ್ಯ ಹರಿಯುವುದಿಲ್ಲ, ಏಕೆಂದರೆ ಪದದಿಂದ ಪದಕ್ಕೆ ಇಳಿಯುವ ರಾಗ ಎಲ್ಲಿಯೂ ಮುದ್ರಣವಾಗಿಲ್ಲ.

ಹಾಡಿಗೆ ಈ ವಿಧಾನವನ್ನು ಪಳಗಿಸಿದ್ದು ಯಮಾಹಾದ ‘ವೊಕಲಾಯ್ಡ್’. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧನೆಯ ಜೊತೆ ಬೆಳೆದ ಇದು 2003ರಲ್ಲಿ ಘೋಷಣೆಯಾಗಿ ಮರುವರ್ಷ ಮಾರುಕಟ್ಟೆಗೆ ಬಂತು. ಒಂದು ಧ್ವನಿಯಿಂದ ಇನ್ನೊಂದಕ್ಕೆ ದಾಟುವ ಸಂಧಿಗಳನ್ನೇ ತುಣುಕುಗಳಾಗಿ ಸಂಗ್ರಹಿಸಿ, ಅವುಗಳ ಶ್ರುತಿ ಮತ್ತು ಬಣ್ಣವನ್ನು ಹೊಂದಿಸಿ ಹೊಲಿಯುವುದು ಅದರ ಕೌಶಲ. 2007ರ ‘ಹತ್ಸುನೆ ಮಿಕು’ ಕಂಠ ಜಪಾನಿನಲ್ಲಿ ಒಂದು ತಲೆಮಾರಿನ ಹಾಡನ್ನೇ ಬದಲಿಸಿತು. 2022ರಲ್ಲಿ ಕ್ಯಾಸಿಯೊ ಸಿಟಿ-ಎಸ್1000ವಿ ಎಂಬ ಕೀಬೋರ್ಡ್ ತಂದು, ಬರೆದ ಸಾಹಿತ್ಯವನ್ನು ಕೀಲಿ ಒತ್ತಿದಂತೆ ಹಾಡಿಸಿತು. ಆದರೆ ಅದಕ್ಕೆ ಬರುವ ಭಾಷೆ ಇಂಗ್ಲಿಷ್ ಮತ್ತು ಜಪಾನಿ. ವೊಕಲಾಯ್ಡಿನ ಜಪಾನಿ, ಇಂಗ್ಲಿಷ್, ಕೊರಿಯನ್, ಚೀನೀ, ಸ್ಪ್ಯಾನಿಷ್ ಕಂಠಗಳ ನಡುವೆ ಭಾರತದ ಒಂದು ಭಾಷೆಯೂ ಇಲ್ಲ.

ಹಾಗಾಗಿ ಅಳ್ನಾವರ ಎಂಬ ಊರ ಹೆಸರನ್ನು ಹಾಡಿಸಲೂ ಆ ಯಂತ್ರಗಳಿಗೆ ಆಗದು. ಇಂಗ್ಲಿಷಿನ ಧ್ವನಿಪಟ್ಟಿಯಲ್ಲಿ ‘ಳ’ ಇಲ್ಲ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ನುಡಿಯುವ ಟ, ಡ, ಣ, ಳಗಳಲ್ಲಿ ಮೂರನೆಯ ಫಾರ್ಮಂಟ್ ಕೆಳಗಿಳಿದು ಎರಡನೆಯದರ ಹತ್ತಿರ ಬರುತ್ತದೆ. ಆ ಇಳಿತ ಹಿಂದಿನ ಸ್ವರಾಕ್ಷರದಲ್ಲೇ ಶುರುವಾಗಿರುತ್ತದೆ. ಒತ್ತಕ್ಷರ ಇನ್ನೊಂದು ತೊಡಕು. ‘ಅಕ್ಕ’ ಎನ್ನುವಾಗ ಕಕಾರದ ಮುಚ್ಚಿದ ಹೊತ್ತು ಉದ್ದವಾಗಬೇಕು. ಹಾಡಿನಲ್ಲಿ ಆ ಹೊತ್ತು ತಾಳದ ಲೆಕ್ಕದೊಳಗೆ ಹೊಂದಬೇಕು. ಹ್ರಸ್ವ-ದೀರ್ಘದ ಭೇದವನ್ನು ಸ್ವರ ಎಳೆಯುವಾಗಲೂ ಕಾಯ್ದುಕೊಳ್ಳುವುದು ಕನ್ನಡ ಗಾಯಕರ ದೊಡ್ಡ ವಿದ್ಯೆ. ಖಯಾಲಿನ ಗಾಂಭೀರ್ಯದಲ್ಲಿ ವಚನಗಳನ್ನು ಹಾಡಿದ ಮನಸೂರ ಅವರ ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಿದವರಿಗೆ ಇದು ಗೊತ್ತು: ರಾಗ ಎಲ್ಲಿಗೆ ಹೋದರೂ ಮಾತು ಕೆಡುವುದಿಲ್ಲ.

ಕಲಿತ ಕಂಠ

ಮೂರನೆಯ ದಾರಿ 2016ರಲ್ಲಿ ‘ವೇವ್‌ನೆಟ್’ ಬಂದಮೇಲೆ ತೆರೆದುಕೊಂಡಿತು. ನಿಯಮ ಬರೆಯುವುದನ್ನೂ ತುಣುಕು ಹೊಲಿಯುವುದನ್ನೂ ಬಿಟ್ಟು, ಗಂಟೆಗಟ್ಟಲೆ ಧ್ವನಿಮುದ್ರಣಗಳಿಂದ ನರಜಾಲವೇ ಕಲಿಯಲಿ ಎಂಬ ದಾರಿ. ಮಾತಿನ ಮಟ್ಟಿಗೆ ಇದರ ಫಲ ಕನ್ನಡಕ್ಕೂ ದಕ್ಕಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ಮೊದಲಿನಿಂದಲೂ ಕನ್ನಡ ಓದುವ ಯಂತ್ರದ ಕೆಲಸ ಮಾಡಿದೆ. ಐಐಟಿ ಮದ್ರಾಸಿನ ಹೇಮಾ ಮೂರ್ತಿ ಅವರ ಮುಂದಾಳುತನದ ಕೂಟ ಭಾರತೀಯ ಭಾಷೆಗಳ ಕಂಠಗಳನ್ನು ಕಟ್ಟಿತು, ಅವುಗಳಲ್ಲಿ ಕನ್ನಡವೂ ಒಂದು. ಇವತ್ತು ಕನ್ನಡದ ಪಠ್ಯ ಕೊಟ್ಟರೆ ಫೋನು ತಕ್ಕಮಟ್ಟಿಗೆ ಚೆನ್ನಾಗಿಯೇ ಓದುತ್ತದೆ.

ಹಾಡಿನ ಮಟ್ಟಿಗೆ ಕನ್ನಡದ ಕೈ ಇನ್ನೂ ಬಹುಮಟ್ಟಿಗೆ ಬರಿದು. ಚೀನೀ, ಜಪಾನಿ ಭಾಷೆಗಳಲ್ಲಿ ನರಜಾಲದ ಗಾಯಕರು ಬಂದಿರುವುದು ಅಲ್ಲಿ ಸಾಹಿತ್ಯ, ಸ್ವರಲಿಪಿ, ಧ್ವನಿ ಮೂರನ್ನೂ ಕೂಡಿಸಿ ಗುರುತು ಹಾಕಿದ ಸಂಗ್ರಹಗಳು ಇರುವುದರಿಂದ. ನಮ್ಮ ಸಂಗೀತಕ್ಕೆ ಆ ಮಾದರಿಯನ್ನು ಹಾಗೇ ತರಲಾಗದು. ಅವರ ಸ್ವರಲಿಪಿ ‘ಈ ಸ್ವರ, ಇಷ್ಟು ಹೊತ್ತು’ ಎನ್ನುತ್ತದೆ. ದರ್ಬಾರಿಯ ಕೋಮಲ ಗಾಂಧಾರವನ್ನು ಹಾಗೆ ಬರೆದರೆ ರಾಗವೇ ಹಾರಿಹೋಗುತ್ತದೆ. ಅದು ನಿಂತ ಸ್ವರವಲ್ಲ, ನಿಧಾನವಾಗಿ ತೂಗುವ ಆಂದೋಲನ. ಭೈರವದ ರಿಷಭವೂ ಹಾಗೆಯೇ.

ಬಾರ್ಸಿಲೋನಾದ ಶಾವಿಯರ್ ಸೆರ್ರಾ 2011ರಲ್ಲಿ ಆರಂಭಿಸಿದ ಕಾಂಪ್‌ಮ್ಯೂಸಿಕ್ ಯೋಜನೆ ಈ ಅರಿವಿನಿಂದ ಹುಟ್ಟಿದ್ದು. ಐಐಟಿ ಮದ್ರಾಸ್, ಐಐಟಿ ಮುಂಬಯಿಯ ಸಂಶೋಧಕರ ಜೊತೆಗೂಡಿ ಅದು ಹಿಂದುಸ್ತಾನಿ, ಕರ್ನಾಟಕ ಸಂಗೀತಗಳ ಧ್ವನಿಸಂಗ್ರಹ ಮಾಡಿ, ಪ್ರತಿ ಕ್ಷಣದ ಶ್ರುತಿಯ ಗೆರೆಯನ್ನು ತೆಗೆಯಿತು. ಚೆನ್ನೈನ ಎಂ. ಸುಬ್ರಮಣಿಯನ್ ಅವರ ‘ಗಾಯಕ’ ತಂತ್ರಾಂಶ ಅದಕ್ಕೂ ಎಷ್ಟೋ ಮೊದಲೇ ಕರ್ನಾಟಕ ಸಂಗೀತದ ಗಮಕಗಳನ್ನು ಸಂಕೇತದಿಂದ ನುಡಿಸುವ ದಾರಿ ತೋರಿಸಿತ್ತು. ಸಂಗೀತ ಮಾಹಿತಿ ಸಂಶೋಧನೆಯ 2024ರ ‘ಇಸ್ಮಿರ್’ ಸಮ್ಮೇಳನದಲ್ಲಿ ಮಂಡನೆಯಾದ ‘ಗಮಧನಿ’ ಎಂಬ ಮಾದರಿ ಇವೆಲ್ಲದರ ಮುಂದಿನ ಹೆಜ್ಜೆ. ಅದು ಹಿಂದುಸ್ತಾನಿ ಗಾಯನವನ್ನು ಎರಡು ಹಂತದಲ್ಲಿ ಹುಟ್ಟಿಸುತ್ತದೆ. ಮೊದಲು ಶ್ರುತಿಯ ಗೆರೆ, ಆಮೇಲೆ ಆ ಗೆರೆಗೆ ಕಂಠ. ಗೆರೆಯನ್ನು ನಾವೇ ಬರೆದು ಕೊಟ್ಟರೂ ಅದು ಹಾಡುತ್ತದೆ. ನಡೆಯೇ ಮೊದಲು, ಬಣ್ಣ ಆಮೇಲೆ ಎಂಬ ಕ್ರಮವನ್ನು ಒಂದು ಯಂತ್ರದ ವಿನ್ಯಾಸದಲ್ಲೇ ಕಂಡು ನನಗೆ ಬಹಳ ಸಂತೋಷವಾಯಿತು.

ಬೆರಳಿಗೆ ಏನು ಕೊಡಬೇಕು

ವಾದ್ಯವೆಂದರೆ ಒಳಗಿನ ಲೆಕ್ಕ ಮಾತ್ರವಲ್ಲ, ಕೈಗೆ ಸಿಗುವ ಹಿಡಿತವೂ ಹೌದು. 1939ರ ವೋಡರಿನಿಂದ ಕಲಿಯುವುದು ಇಲ್ಲಿದೆ. ಅದು ತಾನಾಗಿ ಮಾತಾಡುವ ಯಂತ್ರವಾಗಿರಲಿಲ್ಲ. ಸುಮಾರು ಒಂದು ವರ್ಷ ಅಭ್ಯಾಸ ಮಾಡಿದ ಮಹಿಳೆಯರು ಬೆರಳಿನಿಂದ ಅನುರಣನಗಳನ್ನೂ, ಮಣಿಕಟ್ಟಿನಿಂದ ಝೇಂಕಾರವೋ ಉಸಿರೋ ಎಂಬುದನ್ನೂ, ಪಾದದ ಪೆಡಲಿನಿಂದ ಶ್ರುತಿಯ ಏರಿಳಿತವನ್ನೂ ನುಡಿಸುತ್ತಿದ್ದರು. ಆಮೇಲಿನ ಕೀಬೋರ್ಡುಗಳಲ್ಲಿ ಆ ಅಭ್ಯಾಸದ ಜಾಗಕ್ಕೆ ಒಂದು ಕೀಲಿ, ಒಂದು ಚಕ್ರ ಬಂದವು.

ಕೀಬೋರ್ಡುಗಳು ಒಂದಕ್ಕೊಂದು ಸಂದೇಶ ಕಳಿಸುವ 1983ರ ಮಿಡಿ ನಿಯಮ ಸ್ವರವನ್ನು ‘ಒತ್ತು’, ‘ಬಿಡು’ ಎಂಬ ಎರಡು ಸಂದೇಶಗಳಾಗಿ ಕಂಡಿತು. ಪಿಯಾನೊದ ಕಣ್ಣಿಂದ ಅದು ಸಹಜ. ನಮಗೆ ಈ ತೊಡಕು ಹೊಸದಲ್ಲ. ನಿಂತ ರೀಡುಗಳ ಹಾರ್ಮೋನಿಯಂ ಮೀಂಡಿಗೆ ಒಲಿಯದೆಂಬ ವಾದದ ಮೇಲೆಯೇ ಆಕಾಶವಾಣಿ 1940ರಲ್ಲಿ ಅದನ್ನು 
ದೂರವಿಟ್ಟು, 1971ರಲ್ಲಿ ನಿರ್ಬಂಧ ಸಡಿಲಿಸಿತ್ತು. ಹಾರ್ಮೋನಿಯಂ ಗಾಯಕರ ಜೊತೆಯಲ್ಲಿ ನಡೆದು ತನ್ನ ಸ್ಥಾನ ಗಳಿಸಿಕೊಂಡಿತು. ತಾನೇ ಕಂಠವೆಂದು ಹೇಳಿಕೊಳ್ಳಲಿಲ್ಲ. ಕೃತಕ ಕಂಠ ಹಾಗೆ ಹೇಳಿಕೊಳ್ಳುವುದರಿಂದ ಅದಕ್ಕೆ ಮೀಂಡು ಬೇಕೇ ಬೇಕು.

ದಾರಿಗಳು ಈಗ ಇವೆ. ಲಿಪ್ಪೊಲ್ಡ್ ಹಾಕನ್ ಅವರ ಕಂಟಿನ್ಯುಯಂ ಎಂಬ ವಾದ್ಯದಲ್ಲಿ ಕೀಲಿಗಳೇ ಇಲ್ಲ. ಮೆತ್ತನೆಯ ಹಾಸಿನ ಮೇಲೆ ಬೆರಳು ಜಾರಿದಂತೆ ಶ್ರುತಿ ಜಾರುತ್ತದೆ. ಎ. ಆರ್. ರೆಹಮಾನ್ 2009ರ ‘ಡೆಲ್ಲಿ-6’ ಚಿತ್ರದ ‘ರೆಹನಾ ತೂ’ ಹಾಡಿನಲ್ಲಿ ಅದನ್ನು ಬಳಸಿದ್ದಾರೆ. 2018ರಲ್ಲಿ ಅಂಗೀಕಾರವಾದ ಎಂಪಿಇ ನಿಯಮ ಪ್ರತಿ ಬೆರಳಿಗೂ ಅದರದೇ ಜಾರು, ಒತ್ತಡ, ಬಣ್ಣದ ದಾರಿ ಕೊಟ್ಟಿತು. ಕೃತಕ ಕಂಠವನ್ನು ಇಂಥ ಹಾಸಿಗೆ ಜೋಡಿಸಿದರೆ ಶ್ರುತಿಯ ಗೆರೆಯನ್ನು ಬೆರಳೇ ಬರೆಯುತ್ತದೆ.

ವ್ಯಂಜನದ ತೊಡಕು ಇದಕ್ಕಿಂತ ಸೂಕ್ಷ್ಮ. ಗಾಯಕರು ‘ಸಾ’ ಎನ್ನುವಾಗ ತಾಳದ ಪೆಟ್ಟಿಗೆ ಸರಿಯಾಗಿ ಬೀಳುವುದು ಸಕಾರವಲ್ಲ, ಅದರ ಹಿಂದಿನ ಆಕಾರ. ಸ್ವೀಡನ್ನಿನ ಯೊಹಾನ್ ಸುಂಡ್‌ಬರ್ಗ್ ಮತ್ತು ಸಂಗಡಿಗರ ಅಧ್ಯಯನಗಳು ಇದನ್ನು ತೋರಿಸಿವೆ. ಸಕಾರದ ಸದ್ದು ಪೆಟ್ಟಿಗೆ ಮುಂಚೆಯೇ ಆಗಿಹೋಗಿರಬೇಕು. ವಾದಕರು ಪೆಟ್ಟಿಗೆ ಸರಿಯಾಗಿ ಕೀಲಿ ಒತ್ತಿದರೆ ಯಂತ್ರ ಸಕಾರವನ್ನು ಆಗ ಶುರು ಮಾಡುತ್ತದೆ, ಆಕಾರ ತಡವಾಗುತ್ತದೆ. ಮುಂಚಿತವಾಗಿ ಹಾಡು ಬರೆದಿಟ್ಟು ಹಾಡಿಸುವ ವೊಕಲಾಯ್ಡಿಗೆ ಈ ಕಷ್ಟವಿಲ್ಲ. ಕೂತು ನುಡಿಸುವ ವಾದ್ಯಕ್ಕೆ ಇದೆ. ಇಲ್ಲಿ ಖಯಾಲ್ ಪದ್ಧತಿ ನಮಗೊಂದು ಅನುಕೂಲ ಮಾಡಿಕೊಟ್ಟಿದೆ. ಆಕಾರದ ಆಲಾಪ, ಆಕಾರದ ತಾನುಗಳಲ್ಲಿ ವ್ಯಂಜನವೇ ಬೇಡ. ಸಾಹಿತ್ಯವಿಲ್ಲದೆಯೂ ಪೂರ್ಣ ಸಂಗೀತವಾಗಿ ನಿಲ್ಲುವ ಕಂಠಸಂಗೀತ ನಮ್ಮಲ್ಲಿದೆ. ಪಾಶ್ಚಾತ್ಯರ ಕೃತಕ ಗಾಯನ ಬಹುಮಟ್ಟಿಗೆ ಪದಗಳ ಕಡೆಯಿಂದ ಹೊರಟಿತು. ನಾವು ಆಕಾರದಿಂದ ಹೊರಡಬಹುದು.

ಯಾರ ಕಂಠ

ಯಂತ್ರ ಕಲಿಯಲು ಕಂಠ ಬೇಕು. ಅದು ಯಾರದು ಎಂಬ ಪ್ರಶ್ನೆಯನ್ನು ತಂತ್ರಜ್ಞರು ಪಕ್ಕಕ್ಕೆ ಸರಿಸಬಾರದು. 2024ರ ‘ಲಾಲ್ ಸಲಾಮ್’ ಚಿತ್ರಕ್ಕಾಗಿ ರೆಹಮಾನ್ ತೀರಿಹೋದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ಕಂಠಗಳನ್ನು ಯಂತ್ರದಿಂದ ಮರಳಿ ತಂದಾಗ, ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿರುವುದಾಗಿ ತಿಳಿಸಿದರು. ಅದೇ ವರ್ಷ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರ ಕಂಠವನ್ನು ಒಪ್ಪಿಗೆಯಿಲ್ಲದೆ ನಕಲು ಮಾಡುವ ಸಾಧನಗಳಿಗೆ ಮಧ್ಯಂತರ ತಡೆ ನೀಡಿತು. 1994ರ ತಿದ್ದುಪಡಿಯಿಂದ ಹಕ್ಕುಸ್ವಾಮ್ಯ ಕಾಯ್ದೆಯೊಳಗೆ ಪ್ರದರ್ಶಕರ ಹಕ್ಕು ಬಂದಿದೆ. ಅದು ಹಾಡಿದ ಹಾಡನ್ನು ಕಾಯುವಷ್ಟು ಸ್ಪಷ್ಟವಾಗಿ, ಹಾಡದ ಹಾಡನ್ನು ಅವರ ಕಂಠದಲ್ಲಿ ಹುಟ್ಟಿಸುವುದನ್ನು ಹೇಳುವುದಿಲ್ಲ.

ಧಾರವಾಡದ ಮಟ್ಟಿಗೆ ನನ್ನ ನಿಲುವು ನೇರವಾದದ್ದು: ಹಿರಿಯರ ಕಂಠವನ್ನು ನಕಲು ಮಾಡಬಾರದು. ಗಂಗೂಬಾಯಿ ಹಾನಗಲ್ ಅವರ ಕಂಠವನ್ನೇ ನೋಡಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಧ್ವನಿ ತಗ್ಗಿ, ಗಂಡುದನಿಯಂತೆ ಗಂಭೀರವಾಯಿತು. ಯಾವ ಹೆಣ್ಣುದನಿಯ ಮುದ್ರಣವನ್ನು ನಿಧಾನ ಮಾಡಿದರೂ ಅದು ಬರದು, ಯಾವ ಗಂಡುದನಿಯನ್ನು ಏರಿಸಿದರೂ ಬರದು. ಬದಲಾದ ಕಂಠವನ್ನು ಒಪ್ಪಿಕೊಂಡು, ಕಿರಾಣಾ ಘರಾನೆಯ ಆಲಾಪವನ್ನು ಅದರಲ್ಲಿ ಹೊಸದಾಗಿ ಕಟ್ಟಿದ ದಶಕಗಳ ರಿಯಾಜು ಅದರ ಹಿಂದಿದೆ. ಅದರಿಂದ ಯಂತ್ರ ಕಲಿಯಬೇಕಾದದ್ದು ಒಂದು ಪಾಠವನ್ನು: ‘ಗಂಡು’, ‘ಹೆಣ್ಣು’ ಎಂಬ ಎರಡು ಬಟನ್ನುಗಳಲ್ಲಿ ಕಂಠಗಳು ಮುಗಿಯುವುದಿಲ್ಲ. ಶ್ರುತಿ, ಕೊಳವೆಯ ಉದ್ದ, ಧ್ವನಿತಂತುವಿನ ಚುರುಕು ಮೂರನ್ನೂ ಬೇರೆಬೇರೆಯಾಗಿ ತಿರುಗಿಸುವ ಹಿಡಿಗಳು ವಾದ್ಯದ ಮೇಲಿರಬೇಕು.

ಮುಂದಿನ ಕೆಲಸ

ಬೇಕಾದವರೆಲ್ಲ ಒಂದೇ ಸೀಮೆಯಲ್ಲಿ ಇದ್ದಾರೆ. ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ಮಾತಿನ ಸಂಸ್ಕರಣೆಯಲ್ಲಿ ಹೆಸರಾದ ಎಸ್. ಆರ್. ಮಹಾದೇವ ಪ್ರಸನ್ನ ಅವರಂಥ ಸಂಶೋಧಕರು ಅಲ್ಲಿ ಕೆಲಸ ಮಾಡಿದ್ದಾರೆ. 1950ರಿಂದ ಧಾರವಾಡ ಆಕಾಶವಾಣಿ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ದಿನವೂ ಹಾಡಿ ಕಲಿಯುವ ಯುವಕಂಠಗಳಿವೆ.

ಮೊದಲು ಆಗಬೇಕಾದದ್ದು ಒಂದು ಚಿಕ್ಕ, ಶುದ್ಧ ಸಂಗ್ರಹ. ಒಪ್ಪಿಕೊಂಡ, ಸಂಭಾವನೆ ಪಡೆದ ಗಾಯಕ ಗಾಯಕಿಯರು ತಂಬೂರಿಯನ್ನು ಇಯರ್‌ಫೋನಿನಲ್ಲಿ ಕೇಳುತ್ತ ಹಾಡಲಿ. ಆಗ ಮುದ್ರಣದಲ್ಲಿ ಕಂಠವೊಂದೇ ಉಳಿಯುತ್ತದೆ. ಕುತ್ತಿಗೆಯ ಮೇಲೆ ಎರಡು ಬಿಲ್ಲೆಗಳನ್ನಿಟ್ಟು ಧ್ವನಿತಂತುಗಳ ತೆರೆ-ಮುಚ್ಚುವಿಕೆಯನ್ನು ಅಳೆಯುವ ಸಾಧನವಿದೆ, ಅದರ ಗೆರೆಯೂ ಜೊತೆಗೆ ಮುದ್ರಣವಾಗಲಿ. ಮೊದಲು ಆಕಾರದ ಆಲಾಪ, ಆಮೇಲೆ ಸರಗಮ್, ಕೊನೆಗೆ ಕನ್ನಡದ ಸಾಹಿತ್ಯ. ಮೀಂಡು ಎಲ್ಲಿ ಹೊರಟಿತು, ಎಲ್ಲಿ ತಂಗಿತು ಎಂದು ಗುರುತು ಹಾಕುವವರು ಎಂಜಿನಿಯರುಗಳಷ್ಟೇ ಆಗಬಾರದು, ಹಾಡುವವರೂ ಕೂತು ಹಾಕಬೇಕು. ಸಂಗ್ರಹ ಯಾವುದೋ ಒಂದು ಕಂಪನಿಯ ಸೊತ್ತಾಗದೆ, ಗಾಯಕರ ಷರತ್ತುಗಳ ಮೇಲೆ, ಕಲಿಯುವವರಿಗೆ ತೆರೆದಿರಬೇಕು.

ಇಂಥ ವಾದ್ಯ ಬಂದರೆ ಗಾಯಕರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ನಕಲುಕಂಠದಿಂದ ಆ ಅಪಾಯ ಖಂಡಿತ ಇದೆ. ಬೆರಳಿನಿಂದ ನುಡಿಸುವ ವಾದ್ಯದಿಂದ ಹಾಗಾಗದು, ಏಕೆಂದರೆ ಅದನ್ನು ನುಡಿಸಲು ರಾಗ ಬರಬೇಕು, ಮೀಂಡು ತಿಳಿದಿರಬೇಕು, ಗುರುಗಳ ಎದುರು ಕೂತಿರಬೇಕು. ಗಂಟಲು ಕೆಟ್ಟು ಹಾಡು ನಿಲ್ಲಿಸಿದ ಗಾಯಕರಿಗೆ, ಮಾತೇ ಬಾರದ ಮಗುವಿಗೆ ಅದು ಆಲಾಪದ ಬಾಗಿಲು ತೆರೆಯಬಲ್ಲದು. ಸ್ವರಾಕ್ಷರದ ಅಂಕಿಗಳನ್ನು ಜಗತ್ತು ನಮಗೆ ಕೊಟ್ಟಾಗಿದೆ. ದರ್ಬಾರಿಯ ಗಾಂಧಾರ ಹೇಗೆ ತೂಗಬೇಕೆಂಬುದನ್ನು ಜಗತ್ತಿಗೆ ಕೊಡುವ ಸರದಿ ನಮ್ಮದು. ಹಾಡುವವರೂ ಲೆಕ್ಕ ಬಲ್ಲವರೂ ಒಂದೇ ಕೋಣೆಯಲ್ಲಿ ಕೂತು ಕೆಲಸ ಶುರು ಮಾಡಿದರೆ ಅದನ್ನು ಕೊಡುವುದು ಸಾಧ್ಯ.